ಕೃತಿಚೌರ್ಯ: ಶೇಕಡಾವಾರು ಲೆಕ್ಕ ಮತ್ತು ಮರೆಯಾಗುವ ಹೊಣೆ

ಬೆಂಗಳೂರು: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸುತ್ತಮುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೂ, ಕಂಪನಿಗಳಲ್ಲಿ ದುಡಿಯುತ್ತಲೇ ಪಿಎಚ್‌ಡಿಗೆ ನೋಂದಾಯಿಸಿಕೊಂಡ ಎಂಜಿನಿಯರ್‌ಗಳಿಗೂ ಚಿರಪರಿಚಿತವಾದ ಅಂಕಿಯೊಂದಿದೆ: ಶೇ 10. ಸಾಫ್ಟ್‌ವೇರ್ ತಪಾಸಣೆಯಲ್ಲಿ ಪಠ್ಯದ ಹೋಲಿಕೆ ಈ ಮಿತಿಯೊಳಗಿದ್ದರೆ ದಂಡನೆಯಿಲ್ಲ. ಆದರೆ ಪ್ರಾಮಾಣಿಕತೆಯನ್ನು ಅಳೆಯಲು ಇದೊಂದೇ ಮಾನದಂಡ ಸಾಕೇ?

ಇದೇ ನಗರದ ಪ್ರಕರಣವೊಂದು ಇಲ್ಲಿ ಉಲ್ಲೇಖನೀಯ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಬಿ. ಕೃಪಾನಿಧಿ ಸಹಲೇಖಕರಾಗಿದ್ದ ಪ್ರಬಂಧವೊಂದು 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ನಿಯತಕಾಲಿಕದಲ್ಲಿ ಪ್ರಕಟವಾಗಿತ್ತು. ಅದರ ಕೆಲವು ವಾಕ್ಯಗಳು 'ಅಪ್ಲೈಡ್ ಫಿಸಿಕ್ಸ್ ಲೆಟರ್ಸ್'ನಲ್ಲಿ ಅದಕ್ಕೂ ಮುನ್ನ ಪ್ರಕಟವಾಗಿದ್ದ ಬರಹದಿಂದ ಬಂದವೆಂಬುದು ಪತ್ತೆಯಾಯಿತು. ಲೇಖಕರು ಕ್ಷಮೆ ಯಾಚಿಸಿದರು. 2012ರ ಫೆಬ್ರುವರಿಯಲ್ಲಿ ವಿಷಯ ದೇಶದಾದ್ಯಂತ ಚರ್ಚೆಯಾಯಿತು. ಆ ಭಾಗವನ್ನು ಬರೆದದ್ದು ಸಂಶೋಧನಾ ವಿದ್ಯಾರ್ಥಿ ಎಂಬ ವಿವರಣೆ ಬಂತು. ಸಂಶೋಧನೆಯ ಫಲಿತಾಂಶಗಳ ಸ್ವಂತಿಕೆ ಪ್ರಶ್ನೆಗೆ ಒಳಗಾಗದ ಕಾರಣ ಪ್ರಬಂಧ ಹಿಂಪಡೆಯುವ ಅಗತ್ಯ ಸಂಪಾದಕರಿಗೆ ಕಾಣಲಿಲ್ಲ.

ಆಗ ಇಂತಹ ಪ್ರಕರಣಗಳಿಗೆ ರಾಷ್ಟ್ರಮಟ್ಟದ ಪ್ರತ್ಯೇಕ ನಿಯಮಾವಳಿ ಇರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಅದನ್ನು ತಂದದ್ದು 2018ರಲ್ಲಿ. ಅದರಂತೆ, ಪಿಎಚ್‌ಡಿ ಪ್ರಬಂಧದಲ್ಲಿ ಶೇ 10ರಿಂದ 40ರಷ್ಟು ಹೋಲಿಕೆ ಕಂಡರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ 60 ಮೀರಿದರೆ ನೋಂದಣಿಯೇ ರದ್ದು. ಪ್ರಕಟಿತ ಲೇಖನಗಳ ವಿಷಯದಲ್ಲಿ ವಾರ್ಷಿಕ ವೇತನ ಬಡ್ತಿಗೂ, ಮಾರ್ಗದರ್ಶಕರಾಗುವ ಅರ್ಹತೆಗೂ ತಾತ್ಕಾಲಿಕ ತಡೆ ಬೀಳುತ್ತದೆ. ನಿಯಮ ಸ್ವಾಗತಾರ್ಹವೇ. ಆದರೆ ಕೆಲವೇ ವಾಕ್ಯಗಳ 2011ರ ನಕಲು ಶೇ 10ರ ಮಿತಿಯೊಳಗೇ ಉಳಿದು, ಇದೇ ಲೆಕ್ಕದಲ್ಲಿ ದಂಡನೆಯಿಂದ ಪಾರಾಗುವ ಸಂಭವವೇ ಹೆಚ್ಚು ಎಂಬುದು ಗಮನಾರ್ಹ. ಅಂದು ಕ್ಷಮೆ ಕೇಳಿಸಿದ್ದು ಶೇಕಡಾವಾರು ಲೆಕ್ಕವಲ್ಲ, ಹೆಸರಿಗೆ ಅಂಟಿಕೊಂಡ ಹೊಣೆ.

ಸಾಫ್ಟ್‌ವೇರ್ ಮೂಲತಃ ಪದಗಳ ಹೋಲಿಕೆಯನ್ನು ಗುರುತಿಸುತ್ತದೆ. ಕದ್ದ ಆಲೋಚನೆ, ತಿರುಚಿದ ದತ್ತಾಂಶ, ಬೇರೆ ಭಾಷೆಯಿಂದ ಎತ್ತಿಕೊಂಡ ವಾದ ಅದರ ಕಣ್ಣು ತಪ್ಪಿಸಬಲ್ಲವು. ಕೃತಕ ಬುದ್ಧಿಮತ್ತೆಯ ನೆರವಿನಿಂದ ವಾಕ್ಯಗಳನ್ನು ಮರುರೂಪಿಸುವುದು ಸುಲಭವಾಗಿರುವ ಈ ದಿನಗಳಲ್ಲಿ ಕಡಿಮೆ ಶೇಕಡಾವಾರು ಪ್ರಾಮಾಣಿಕತೆಯ ಪುರಾವೆಯಾಗದು. ಮತ್ತೊಂದೆಡೆ, ಇಂಗ್ಲಿಷ್ ಬರವಣಿಗೆಗೆ ಅಂಜಿ ಪೀಠಿಕೆಯ ನಾಲ್ಕು ಸಾಲು ಎರವಲು ಪಡೆದ ವಿದ್ಯಾರ್ಥಿಯನ್ನೂ, ಇಡೀ ಸಂಶೋಧನೆಯನ್ನೇ ಕದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಕೃತಿಚೌರ್ಯವಿಲ್ಲವೆಂದು ಮಾರ್ಗದರ್ಶಕರು ಪ್ರಮಾಣಪತ್ರ ನೀಡಬೇಕೆಂದು ಅದೇ ನಿಯಮಾವಳಿ ವಿಧಿಸುತ್ತದೆ. ಕರಡನ್ನು ಸಾಲುಸಾಲಾಗಿ ಓದಿ, ಮೂಲಗಳನ್ನು ಪ್ರಶ್ನಿಸಿದ ನಂತರವೇ ಆ ಸಹಿ ಬೀಳಬೇಕು. ಉಲ್ಲೇಖಿಸುವ ಕ್ರಮವನ್ನು ಕಾಲೇಜುಗಳು ಮೊದಲ ವರ್ಷದಲ್ಲೇ ಕಲಿಸಬೇಕು. ದೂರು ಬಂದಾಗ ವಿದ್ಯಾರ್ಥಿಯತ್ತ ಬೆರಳು ತೋರುವ ಹಿರಿಯ ಲೇಖಕರು ಒಂದು ಮಾತನ್ನು ಮರೆಯಬಾರದು: ಪ್ರಬಂಧದ ಕೀರ್ತಿಯಲ್ಲಿ ಪಾಲು ಪಡೆದವರಿಗೆ ಅದರ ಲೋಪದಲ್ಲೂ ಪಾಲಿದೆ.