ಬಿಟ್ಟುಬಿಡು ಎನ್ನುವವರಿಗೆ

ಕನ್ನಡದಲ್ಲಿ ಅತ್ಯಂತ ಸಲೀಸಾಗಿ ಆಡಬಹುದಾದ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಬಿಟ್ಟುಬಿಡು’ ಎನ್ನುತ್ತೇನೆ. ಸಕ್ಕರೆ ಬಿಟ್ಟುಬಿಡು, ಉಪ್ಪು ಬಿಟ್ಟುಬಿಡು, ಚಿಂತೆ ಬಿಟ್ಟುಬಿಡು, ಹಳೆಯದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಬಿಟ್ಟುಬಿಡು. ಹೇಳುವವರಿಗೆ ಖರ್ಚಿಲ್ಲ, ಕೇಳುವವಳಿಗೆ ಉತ್ತರವಿಲ್ಲ. ಈ ಸಾಲಿಗೆ ಈಚೆಗೆ ಇನ್ನೊಂದು ಸೇರಿದೆ: ‘ಆ ನಿದ್ದೆ ಮಾತ್ರೆ ಇವತ್ತಿನಿಂದಲೇ ಬಿಟ್ಟುಬಿಡು.’ ಮಿಕ್ಕ ಉಪದೇಶಗಳಿಂದ ಹೆಚ್ಚೆಂದರೆ ತಲೆನೋವು ಬಂದೀತು. ಈ ಒಂದು ಉಪದೇಶದಿಂದ ಜೀವವೇ ಹೋಗಬಹುದು. ಆದ್ದರಿಂದಲೇ ನನಗೆ ಇದರ ಮೇಲೆ ಸಿಟ್ಟು.

ನಾನು ಹೇಳುತ್ತಿರುವುದು ಬೆಂಜೊಡಯಾಜೆಪಿನ್ ಎಂಬ ಗುಂಪಿನ ಮಾತ್ರೆಗಳ ವಿಷಯ. ಹೆಸರು ಕೇಳಿ ಗಾಬರಿಯಾಗಬೇಡಿ. ಆಲ್ಪ್ರಜೋಲಮ್, ಡಯಾಜೆಪಮ್, ಲೊರಾಜೆಪಮ್, ಕ್ಲೊನಾಜೆಪಮ್ – ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇವುಗಳಲ್ಲೊಂದು ಇದ್ದರೆ ಅದು ಇದೇ ಬಳಗದ್ದು. ನಮ್ಮ ಮನೆಗಳಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ: ಟೆನ್ಶನ್ ಮಾತ್ರೆ, ನರದ ಮಾತ್ರೆ, ‘ಬಿಪಿ ಮಾತ್ರೆಯ ಜೊತೆ ಕೊಟ್ಟ ಆ ಸಣ್ಣದು’. ಹಿಂದಿನ ತಲೆಮಾರಿನವರಿಗೆ ‘ಕಾಂಪೋಸ್’ ಎಂದರೆ ಸಾಕು, ಅರ್ಥವಾಗುತ್ತದೆ.

ನಮ್ಮವರಿಗೆ ತ್ಯಾಗವೆಂದರೆ ಒಂದೇ ಏಟಿಗೆ ಆಗಬೇಕು. ಕಾಶಿಗೆ ಹೋದವರು ಇಷ್ಟದ ತರಕಾರಿಯೊಂದನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ಮಾರನೆಯ ದಿನದಿಂದ ಅದನ್ನು ಮುಟ್ಟುವುದಿಲ್ಲ. ಮೆಚ್ಚತಕ್ಕದ್ದೇ. ಆದರೆ ಬದನೆಕಾಯಿ ಬಿಟ್ಟವರಿಗೆ ಫಿಟ್ಸ್ ಬರುವುದಿಲ್ಲ. ವರ್ಷಗಟ್ಟಲೆ ನುಂಗಿದ ಈ ಮಾತ್ರೆಯನ್ನು ಒಂದೇ ದಿನ ಬಿಟ್ಟವರಿಗೆ ಬರಬಹುದು. ಇದು ಮನಸ್ಸು ಗಟ್ಟಿಯಿದೆಯೋ ಇಲ್ಲವೋ ಎಂಬ ಪ್ರಶ್ನೆಯಲ್ಲ. ಮೆದುಳಿನ ಲೆಕ್ಕಾಚಾರದ ಪ್ರಶ್ನೆ.

ಆ ಲೆಕ್ಕಾಚಾರ ಕಷ್ಟದ್ದೇನಲ್ಲ. ಮೆದುಳಿಗೆ ತನ್ನದೇ ಆದ ಒಂದು ಬ್ರೇಕ್ ಇದೆ. ಗಾಬಾ ಎಂಬ ರಾಸಾಯನಿಕ ನರಗಳ ಓಟವನ್ನು ಹದದಲ್ಲಿಡುತ್ತದೆ. ಈ ಮಾತ್ರೆಗಳು ಆ ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿಯುತ್ತವೆ. ಅದಕ್ಕೇ ಎದೆ ಹಗುರವಾಗಿ ನಿದ್ದೆ ಬರುತ್ತದೆ. ಆದರೆ ತಿಂಗಳುಗಟ್ಟಲೆ ಹೊರಗಿನವರೇ ಬ್ರೇಕ್ ಒತ್ತುತ್ತಿದ್ದರೆ ಮೆದುಳು ತನ್ನ ಬ್ರೇಕನ್ನು ಸಡಿಲ ಬಿಡುತ್ತದೆ. ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಡ್ರೈವರ್ ತಟ್ಟನೆ ಬ್ರೇಕಿನಿಂದ ಕಾಲು ತೆಗೆದರೆ ಏನಾದೀತೋ, ಮಾತ್ರೆಯನ್ನು ತಟ್ಟನೆ ನಿಲ್ಲಿಸಿದಾಗ ಮೆದುಳಿನಲ್ಲಿ ಆಗುವುದೂ ಅದೇ. ನಿಧಾನವಾಗಿ ಇಳಿಸಿದರೆ ಮೆದುಳು ತನ್ನ ಬ್ರೇಕನ್ನು ಮತ್ತೆ ಬಿಗಿ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಇದೇನು ಈಗ ಕಂಡುಹಿಡಿದ ಸತ್ಯವೆ? ಈ ಬಳಗದ ಮೊದಲ ಮಾತ್ರೆ, ಲಿಬ್ರಿಯಂ, ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಮರುವರ್ಷವೇ, 1961ರಲ್ಲಿ, ಅಮೆರಿಕದ ಲಿಯೋ ಹೋಲಿಸ್ಟರ್ ಎಂಬ ವೈದ್ಯರ ತಂಡ ಒಂದು ವರದಿ ಪ್ರಕಟಿಸಿತು. ತಿಂಗಳುಗಟ್ಟಲೆ ದೊಡ್ಡ ಪ್ರಮಾಣದಲ್ಲಿ ಈ ಮಾತ್ರೆ ತೆಗೆದುಕೊಂಡಿದ್ದ 11 ರೋಗಿಗಳಿಗೆ ಅದನ್ನು ಹಠಾತ್ತನೆ ನಿಲ್ಲಿಸಿದಾಗ 10 ಮಂದಿಗೆ ತೊಂದರೆ ಕಾಣಿಸಿಕೊಂಡಿತ್ತು. ಇಬ್ಬರಿಗೆ ಫಿಟ್ಸ್ ಬಂದಿತ್ತು. ದೊಡ್ಡ ಪ್ರಮಾಣಕ್ಕೆ ಮಾತ್ರ ಹೀಗೆ ಎಂದು ಸಮಾಧಾನಪಟ್ಟುಕೊಂಡವರಿಗೆ, ವೈದ್ಯರು ಬರೆದುಕೊಡುವ ಸಾಧಾರಣ ಪ್ರಮಾಣವೂ ಸಾಕು ಎಂದು 1980ರ ದಶಕದಲ್ಲಿ ಲಂಡನ್ನಿನ ಮಾಲ್ಕಂ ಲೇಡರ್ ಮೊದಲಾದವರು ತೋರಿಸಿಕೊಟ್ಟರು. ಅಮೆರಿಕದ ಔಷಧ ಇಲಾಖೆ ಈ ಎಲ್ಲ ಮಾತ್ರೆಗಳ ಮೇಲೂ, ಹಠಾತ್ತನೆ ನಿಲ್ಲಿಸಿದರೆ ಜೀವಕ್ಕೆ ಅಪಾಯವೆಂದು ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿಸಬೇಕೆಂದು ಹೇಳಿದ್ದು 2020ರಲ್ಲಿ. ಅಲ್ಲಿಂದ ಇಲ್ಲಿಗೆ ಸುಮಾರು ಅರವತ್ತು ವರ್ಷ! ಇನ್ನು ನಮ್ಮ ಅಡುಗೆಮನೆಯ ಗೂಡಿನವರೆಗೆ ಆ ಎಚ್ಚರಿಕೆ ಬಂದು ಸೇರುವುದು ಯಾವಾಗಲೋ.

ನನ್ನ ಚಿಕ್ಕಮ್ಮನ ಮಾತು ಹೇಳುತ್ತೇನೆ. ಚಿಕ್ಕಪ್ಪ ತೀರಿಕೊಂಡ ಹದಿನೈದು ದಿನಕ್ಕೆ ಅವರಿಗೆ ನಿದ್ದೆ ಹೋಯಿತು. ಊರಿನ ವೈದ್ಯರೊಬ್ಬರು ಆಲ್ಪ್ರಜೋಲಮ್ ಬರೆದುಕೊಟ್ಟರು, ಹತ್ತು ದಿನಕ್ಕೆಂದು. ಆ ಹತ್ತು ದಿನ ಆರು ವರ್ಷವಾಯಿತು. ರಾತ್ರಿಗೊಂದು ಇದ್ದದ್ದು ಬೆಳಿಗ್ಗೆಗೂ ಒಂದಾಯಿತು. ಚಿಕ್ಕಮ್ಮ ಅಡುಗೆ ಮಾಡಿದರು, ಮೊಮ್ಮಕ್ಕಳನ್ನು ಆಡಿಸಿದರು, ಯಾರ ಎದುರಿಗೂ ಅಳಲಿಲ್ಲ. ಎಲ್ಲರಿಗೂ ಅನುಕೂಲವಾಯಿತು. ಆರು ವರ್ಷದ ಮೇಲೆ, ಯುಗಾದಿಗೆ ಬಂದ ಮಗ ಫೋನಿನಲ್ಲಿ ಏನನ್ನೋ ನೋಡಿ, ‘ಅಮ್ಮ, ಇದು ಚಟ ಹಿಡಿಸೋ ಮಾತ್ರೆ. ನಿಮಗೇನು ಕಮ್ಮಿಯಾಗಿದೆ? ಇವತ್ತಿಂದ ಬಿಟ್ಟುಬಿಡಿ’ ಎಂದು ಇದ್ದ ಎರಡು ಪಟ್ಟಿಯನ್ನೂ ಒಯ್ದು ಕಸದ ಗಾಡಿಗೆ ಹಾಕಿದ. ಮಗನ ಮಾತು; ಚಿಕ್ಕಮ್ಮ ಎದುರಾಡಲಿಲ್ಲ.

ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಎರಡನೆಯ ದಿನ ಕೈ ನಡುಗಿ ಕಾಫಿಯ ಲೋಟ ಜಾರಿತು, ಮೈಯೆಲ್ಲ ಬೆವರು, ಪಾತ್ರೆ ಇಟ್ಟ ಸದ್ದು ಕಿವಿಗೆ ಸುತ್ತಿಗೆಯ ಹಾಗೆ ಹೊಡೆಯಿತು. ‘ಇನ್ನೆರಡು ದಿನ ತಡಕೊಳ್ಳಿ, ಎಲ್ಲ ಸರಿಹೋಗತ್ತೆ’ ಎಂದರು ಮನೆಯವರು. ‘ನೋಡಿ, ಮಾತ್ರೆಗೆ ಹೇಗೆ ಅಂಟಿಕೊಂಡಿದ್ದಾರೆ’ ಎಂದೂ ಯಾರೋ ಹೇಳಿದರು. ಮೂರನೆಯ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಫಿಟ್ಸ್ ಬಂದು ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ನಾನು ಆಸ್ಪತ್ರೆಗೆ ಹೋದಾಗ ಅಲ್ಲಿಯ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ ‘ಯಾವ ಮಾತ್ರೆ ನಿಲ್ಲಿಸಿದಿರಿ?’ ಎಂದು.

ಬಿದ್ದ ಗಾಯ ಮಾಯಿತು. ಆದರೆ ಇದರಲ್ಲಿ ಇನ್ನೊಂದು ಅನ್ಯಾಯವಿದೆ, ಅದಕ್ಕೆ ಹೊಲಿಗೆ ಹಾಕುವವರಿಲ್ಲ. ಮಾತ್ರೆ ನಿಂತದ್ದರಿಂದ ಬಂದ ನಡುಕವನ್ನು, ಭಯವನ್ನು, ನಿದ್ದೆಗೇಡನ್ನು ಎಲ್ಲರೂ ಅವಳ ಸ್ವಭಾವವೆಂದು ಓದುತ್ತಾರೆ. ‘ಇವಳಿಗೆ ಮೊದಲಿಂದಲೂ ನರ ದುರ್ಬಲ’ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಅದು ‘ತಲೆ ಸರಿಯಿಲ್ಲ’ ಎನ್ನುವವರೆಗೂ ಹೋಗುತ್ತದೆ. ಸುಮ್ಮನೆ ಮತ್ತೆ ಮಾತ್ರೆ ಹಿಡಿದರೆ ‘ಚಟ’. ಬಿಟ್ಟು ನರಳಿದರೆ ‘ನಾಟಕ’. ಹೆಂಗಸು ಯಾವ ಕಡೆಯಿಂದ ಹೋದರೂ ತಪ್ಪು ಅವಳದೇ ಆಗುವ ಹಾಗೆ ಈ ಲೆಕ್ಕವನ್ನು ಯಾರು ಬರೆದಿಟ್ಟರೋ.

ಸ್ಟೀರಾಯ್ಡ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರಿಗೆ ವೈದ್ಯರು ಅದನ್ನು ಹಂತಹಂತವಾಗಿ ಇಳಿಸುತ್ತಾರೆ. ಆಗ ಯಾರೂ ‘ನಿನಗೆ ಮನೋಬಲವಿಲ್ಲವೆ?’ ಎನ್ನುವುದಿಲ್ಲ. ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಇವತ್ತು ಒಂದೂವರೆ, ಬರುವ ವಾರ ಒಂದು ಎಂದು ಎಣಿಸಿ ಕೊಡುತ್ತಾರೆ. ಮಾತ್ರೆ ಮನಸ್ಸಿಗೆ ಸಂಬಂಧಿಸಿದ್ದಾದ ಕೂಡಲೇ ಎಣಿಕೆ ಹೋಗಿ ಉಪದೇಶ ಬರುವುದೇಕೆ?

ನಿಧಾನವೆಂದರೆ ಎಷ್ಟು ನಿಧಾನ? ಅಮೆರಿಕದ ವೈದ್ಯ ಸಂಘಗಳು ಸೇರಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಆರಂಭದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ನೂರಕ್ಕೆ ಐದರಿಂದ ಹತ್ತು ಭಾಗ ಇಳಿಸಬಹುದು. ಎರಡು ವಾರದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಳಿಸಬಾರದು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ನೂರು ರೂಪಾಯಿಯಿಂದ ಮೊದಲು ಹತ್ತು ತೆಗೆದರೆ ಮುಂದಿನ ಸಲ ಉಳಿದ ತೊಂಬತ್ತರಲ್ಲಿ ಹತ್ತನೆಯ ಒಂದು ಭಾಗ, ಅಂದರೆ ಒಂಬತ್ತು. ಕೊನೆಕೊನೆಗೆ ಹೆಜ್ಜೆ ಇನ್ನೂ ಸಣ್ಣದಾಗುತ್ತದೆ. ಆಲ್ಪ್ರಜೋಲಮ್‌ನಂಥವು ದೇಹದಿಂದ ಬೇಗ ಇಳಿದುಹೋಗುವುದರಿಂದ, ನಿಧಾನವಾಗಿ ಇಳಿಯುವ ಡಯಾಜೆಪಮ್‌ಗೆ ಬದಲಾಯಿಸಿ ಆಮೇಲೆ ಕಡಿಮೆ ಮಾಡುವ ವೈದ್ಯರೂ ಇದ್ದಾರೆ. ಈ ಲೆಕ್ಕ ಬರೆದದ್ದು ನೀವೇ ಬ್ಲೇಡು ಹಿಡಿದು ಮಾತ್ರೆ ತುಂಡು ಮಾಡಲೆಂದಲ್ಲ, ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂದು.

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವುದಕ್ಕೆಂದೇ ಒಂದು ಕ್ಲಿನಿಕ್ ನಡೆಸಿದರು. 2019ರಲ್ಲಿ ತೀರಿಕೊಂಡ ಆಕೆ ಬರೆದಿಟ್ಟ ಕೈಪಿಡಿಯನ್ನು ಇವತ್ತಿಗೂ ಓದುತ್ತಾರೆ. ಆಕೆಯ ಮಾತಿನ ಸಾರ ಸರಳ: ಇಳಿಸುವ ವೇಗ ರೋಗಿಯ ಕೈಯಲ್ಲಿರಬೇಕು. ಕಷ್ಟದ ವಾರ ಬಂದರೆ ಅಲ್ಲಿಯೇ ನಿಲ್ಲಬಹುದು, ಓಡಬೇಕಾಗಿಲ್ಲ. ಮದ್ದು ನುಂಗುವವಳ ಮಾತನ್ನು ನಂಬಬೇಕು ಎನ್ನುವುದು ನಮ್ಮ ಮನೆಗಳಲ್ಲಿ ಎಷ್ಟು ದೊಡ್ಡ ಕ್ರಾಂತಿಯಾದೀತು, ಯೋಚಿಸಿ.

‘ಹೀಗೆ ಎಳೆಯುತ್ತ ಹೋದರೆ ಅವಳು ಬಿಡುವುದೇ ಇಲ್ಲ’ ಎನ್ನುವವರಿದ್ದಾರೆ. ಚಿಕ್ಕಮ್ಮನಿಗೆ ಹದಿನಾಲ್ಕು ತಿಂಗಳು ಹಿಡಿಯಿತು, ಆದರೆ ಬಿಟ್ಟರು. ‘ಇಷ್ಟೆಲ್ಲ ಕಷ್ಟವಾದರೆ ಸಾಯುವವರೆಗೂ ತೆಗೆದುಕೊಳ್ಳಲಿ ಬಿಡಿ’ ಎನ್ನುವವರೂ ಇದ್ದಾರೆ. ಅದನ್ನೂ ನಾನು ಒಪ್ಪಲಾರೆ. ವಯಸ್ಸಾದ ಹೆಂಗಸರು ಈ ಮಾತ್ರೆಯ ಮಂಪರಿನಲ್ಲಿ ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು, ಮರೆವೂ ಹೆಚ್ಚುತ್ತದೆ. ಫಿಟ್ಸ್ ಕಾಯಿಲೆಗೆಂದೇ ಇವನ್ನು ತೆಗೆದುಕೊಳ್ಳುವವರ ಮಾತು ಬೇರೆ. ಅವರು ವೈದ್ಯರು ಹೇಳದೆ ಒಂದು ಚೂರೂ ಕಡಿಮೆ ಮಾಡಕೂಡದು. ನಾಲ್ಕು ದಿನ ಮಾತ್ರ ತೆಗೆದುಕೊಂಡವರು ಇದನ್ನು ಓದಿ ಹೆದರಬೇಕಾಗಿಯೂ ಇಲ್ಲ. ಮಿಕ್ಕವರಿಗೆ ಇರುವ ದಾರಿ ಎರಡೇ ಅಲ್ಲ, ಮೂರು: ಧುಮುಕುವುದು, ಅಲ್ಲೇ ಕೂರುವುದು, ಮೆಟ್ಟಿಲು ಇಳಿಯುವುದು. ಮೆಟ್ಟಿಲನ್ನು ಯಾರೂ ತೋರಿಸುವುದಿಲ್ಲ ಎನ್ನುವುದೇ ನನ್ನ ತಕರಾರು.

ಇನ್ನು, ಹತ್ತಿಸಿದವರನ್ನು ಯಾರೂ ಕೇಳುವುದಿಲ್ಲವಲ್ಲ! ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಇದನ್ನು ಕೊಡಬಾರದೆಂದು ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ 1988ರಲ್ಲೇ ಹೇಳಿತ್ತು. ನಮ್ಮ ದೇಶದಲ್ಲೂ 2014ರ ಮಾರ್ಚಿನಿಂದ ಆಲ್ಪ್ರಜೋಲಮ್, ಡಯಾಜೆಪಮ್‌ನಂಥ ಮಾತ್ರೆಗಳಿಗೆ ಎಚ್-1 ಎಂಬ ಪಟ್ಟಿಯ ನಿಯಮವಿದೆ: ವೈದ್ಯರ ಚೀಟಿ ಬೇಕು, ಅಂಗಡಿಯವರು ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚಿಕ್ಕಮ್ಮನ ಬೀದಿಯ ಮೆಡಿಕಲ್ ಶಾಪಿನಲ್ಲಿ ಖಾಲಿ ಪಟ್ಟಿ ತೋರಿಸಿದರೆ ಸಾಕಾಗುತ್ತಿತ್ತು. ಬರೆದುಕೊಟ್ಟವರು ಮತ್ತೆ ಕರೆದು ನೋಡಲಿಲ್ಲ, ಮಾರಿದವರು ಚೀಟಿ ಕೇಳಲಿಲ್ಲ, ಮನೆಯವರು ಯಾಕೆಂದು ವಿಚಾರಿಸಲಿಲ್ಲ. ಆರು ವರ್ಷದ ಕೊನೆಗೆ ‘ಚಟ’ ಎಂಬ ಮಾತು ಮಾತ್ರ ಚಿಕ್ಕಮ್ಮನ ಪಾಲಿಗೆ ಬಂತು.

ಮಾತ್ರೆ ಅರ್ಧಕ್ಕೆ ಇಳಿದಿದ್ದ ದಿನಗಳಲ್ಲಿ ಒಮ್ಮೆ ನಾನು, ‘ಚಿಕ್ಕಮ್ಮ, ಈಗ ಹೇಗನ್ನಿಸತ್ತೆ ನಿಮಗೆ?’ ಎಂದು ಕೇಳಿದೆ. ಅವರು ಹೇಳಿದರು: ‘ಅಳು ಬರತ್ತೆ ಕಣೇ. ನಿಮ್ಮ ಚಿಕ್ಕಪ್ಪ ಹೋಗಿದ್ದು ಈಗ ಗೊತ್ತಾಗ್ತಿದೆ. ಆಗೆಲ್ಲ ಕಣ್ಣಲ್ಲಿ ನೀರು ಬಂದ್ರೆ, ಮಾತ್ರೆ ತಗೊಂಡ್ರಾ ಅಂತ ಕೇಳ್ತಿದ್ರು. ಯಾಕೆ ಅಳ್ತೀರಿ ಅಂತ ಯಾರೂ ಕೇಳಲಿಲ್ಲ.’ ಆರು ವರ್ಷ ತಡೆಹಿಡಿದ ದುಃಖಕ್ಕೆ ಹದಿನಾಲ್ಕು ತಿಂಗಳು ಹೆಚ್ಚಾಯಿತೆ?

ಆದ್ದರಿಂದ ಮನೆಯವರಿಗೆ ನನ್ನದೊಂದು ಮಾತು. ಮಾತ್ರೆ ಇಳಿಯುವಾಗ ಅವಳ ಕೆಲಸವೂ ಇಳಿಯಬೇಕು. ಬೆಳಗಿನ ಹಾಲು ಕಾಯಿಸುವ ಕೆಲಸ ಬೇರೆಯವರು ನೋಡಲಿ. ಆ ತಿಂಗಳುಗಳಲ್ಲಿ ನೆಂಟರ ಸಮಾರಾಧನೆ ಬೇಡ. ಅವಳು ‘ಈ ವಾರ ಇಳಿಸುವುದು ಬೇಡ’ ಎಂದರೆ ಅದು ಸೋಲಲ್ಲ. ಅಳು ಬಂದರೆ ಪಕ್ಕದಲ್ಲಿ ಕೂತುಕೊಳ್ಳಿ. ಉಪದೇಶಕ್ಕಿಂತ ಅದು ಅಗ್ಗ.

ಮತ್ತೆ ನೀವು, ಈ ಪುಟ ಓದುತ್ತಿರುವಾಗ ಗೂಡಿನಲ್ಲಿರುವ ಆ ಸಣ್ಣ ಮಾತ್ರೆ ನೆನಪಾದವರು – ನಾಳೆಯೇ ನಿಲ್ಲಿಸಬೇಡಿ. ನಾಚಿಕೆಯೂ ಬೇಡ. ಪಟ್ಟಿಯನ್ನು ತೆಗೆದುಕೊಂಡು, ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ವೈದ್ಯರ ಬಳಿ ಹೋಗಿ. ‘ನಿಲ್ಲಿಸಿ’ ಎಂದಷ್ಟೇ ಹೇಳಿ ಕಳಿಸಿದರೆ, ‘ಹೇಗೆ ಇಳಿಸಬೇಕು, ಬರೆದುಕೊಡಿ’ ಎಂದು ಕೇಳಿ. ಅವರಿಗೆ ಪುರುಸೊತ್ತಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಕಾಸು ಖರ್ಚಿಲ್ಲ. ಆಗಲೇ ನಿಲ್ಲಿಸಿಬಿಟ್ಟು ನಡುಕ, ಭ್ರಮೆ, ಫಿಟ್ಸ್ ಕಂಡಿದ್ದರೆ ಫೋನು, ಚೀಟಿ ಎನ್ನುತ್ತ ಕೂರಬೇಡಿ. ನೇರ ಆಸ್ಪತ್ರೆಗೆ ನಡೆಯಿರಿ. ಹತ್ತುವಾಗ ಯಾರೂ ನಿಮ್ಮನ್ನು ಕೇಳಲಿಲ್ಲ. ಇಳಿಯುವುದಾದರೂ ನಿಮ್ಮ ಕಾಲಿನ ಅಳತೆಗೆ ಆಗಲಿ.