ಇಪ್ಪತ್ತೆಂಟು ದಿನಗಳ ತಿಂಗಳು



‘ಮೊಬೈಲ್ ಡೇಟಾ ಅಗ್ಗವಾಗಿದೆ, ಇನ್ನು ಸಾರ್ವಜನಿಕ ವೈ-ಫೈ ಏತಕ್ಕೆ?’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತನ್ನು ಆಡುವವರು ಯಾರು, ಅದರಿಂದ ಲಾಭ ಯಾರಿಗೆ ಎಂಬುದನ್ನು ನಾವು ವಿಚಾರ ಮಾಡಬೇಕಾಗಿದೆ.

ವಿಜಯವಾಡ ಮತ್ತು ವಿಶಾಖಪಟ್ಟಣಗಳ ನಿದರ್ಶನವನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡದಲ್ಲಿಳಿದು, ವಿಶಾಖಪಟ್ಟಣದ ಕಡೆಗೆ ಗಾಡಿ ಬದಲಾಯಿಸುವವರಿಗೆ ಈ ಎರಡೂ ನಿಲ್ದಾಣಗಳು ಗೊತ್ತು. ೨೦೧೬ರ ಜನವರಿಯಲ್ಲಿ ಗೂಗಲ್ ಕಂಪನಿಯೂ ರೈಲ್ವೆಯ ರೈಲ್‌ಟೆಲ್ ಸಂಸ್ಥೆಯೂ ಕೂಡಿ ಮುಂಬಯಿ ಸೆಂಟ್ರಲ್‌ನಲ್ಲಿ ಉಚಿತ ವೈ-ಫೈ ತೆರೆದವು. ಅದೇ ಏಪ್ರಿಲ್‌ನಲ್ಲಿ ಇನ್ನೂ ಒಂಬತ್ತು ನಿಲ್ದಾಣಗಳಿಗೆ ಅದು ಬಂತು. ಆ ಒಂಬತ್ತರಲ್ಲಿ ಈ ಎರಡೂ ಇದ್ದವು. ೨೦೧೮ರ ಜೂನ್ ವೇಳೆಗೆ ನಿಲ್ದಾಣಗಳ ಸಂಖ್ಯೆ ೪೦೦ ಆಯಿತು. ೨೦೨೦ರ ಫೆಬ್ರವರಿಯಲ್ಲಿ ಗೂಗಲ್ ತಾನು ಕೈಬಿಡುವುದಾಗಿ ಸಾರಿತು. ಡೇಟಾ ಅಗ್ಗವಾಗಿದೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ರೈಲ್‌ಟೆಲ್ ಸೇವೆಯನ್ನು ನಿಲ್ಲಿಸಲಿಲ್ಲ. ಆದರೆ ೨೦೨೧ರ ಮಾರ್ಚ್‌ನಲ್ಲಿ ದರಪಟ್ಟಿ ತೂಗುಹಾಕಿತು. ದಿನಕ್ಕೆ ಅರ್ಧ ಗಂಟೆ, ಸೆಕೆಂಡಿಗೆ ೧ ಮೆಗಾಬಿಟ್ ವೇಗದಲ್ಲಿ ಉಚಿತ. ಹೆಚ್ಚು ಬೇಕಾದವರು ೧೦ ರೂಪಾಯಿ ತೆತ್ತು ಒಂದು ದಿನಕ್ಕೆ ೫ ಜಿಬಿ ಪಡೆಯಬೇಕು. ಆ ಅರ್ಧ ಗಂಟೆ ಪೂರ್ತಿ ದಕ್ಕಿದರೂ ಕೈಗೆ ಬರುವುದು ೨೨೫ ಎಂಬಿ ಮಾತ್ರ.

ಡೇಟಾ ಅಗ್ಗವಾದದ್ದು ಸುಳ್ಳಲ್ಲ. ೨೦೧೬ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ದರ ಕುಸಿಯಿತು, ಒಪ್ಪುತ್ತೇವೆ. ಆದರೆ ಜನ ಅದಕ್ಕೆ ಒಗ್ಗಿದ ಮೇಲೆ ಆದದ್ದೇನು? ೨೦೨೪ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಬೆನ್ನುಬೆನ್ನಿಗೆ ದರ ಏರಿಸಿದವು. ದಿನಕ್ಕೆ ೧.೫ ಜಿಬಿ ಕೊಡುವ ಜಿಯೋ ರೀಚಾರ್ಜು ೨೩೯ ರೂಪಾಯಿಯಿಂದ ೨೯೯ಕ್ಕೆ ಹೋಯಿತು. ನೂರಕ್ಕೆ ಇಪ್ಪತ್ತೈದು! ನಮ್ಮ ಕೂಲಿ ಒಂದೇ ಏಟಿಗೆ ಹಾಗೆ ಏರಿದ್ದುಂಟೆ?

ಆ ರೀಚಾರ್ಜಿನ ಆಯುಸ್ಸು ೨೮ ದಿನ. ನಮಗೆ ಸಂಬಳ ವರ್ಷಕ್ಕೆ ೧೨ ಸಲ; ಕಂಪನಿಗೆ ಸಲ್ಲಬೇಕಾದ ಕಂದಾಯ ೧೩ ಸಲ. ಹದಿಮೂರನೆಯ ೨೯೯ ರೂಪಾಯಿ ಯಾವ ತಿಂಗಳಿನದು? ೨೦೨೨ರ ಜನವರಿಯಲ್ಲಿ ಟ್ರಾಯ್, ಪ್ರತಿ ಕಂಪನಿಯೂ ೩೦ ದಿನಗಳ ರೀಚಾರ್ಜನ್ನು ಒಂದಾದರೂ ಇಡಬೇಕೆಂದು ಆಜ್ಞೆ ಮಾಡಿತು. ಒಂದಾದರೂ ಇಡಿ ಎಂದಿತು. ೨೮ ದಿನಗಳ ಲೆಕ್ಕವನ್ನು ನಿಲ್ಲಿಸಿ ಎನ್ನಲಿಲ್ಲ.

ದಿನದ ಮಿತಿಯಂತೂ ಇನ್ನೂ ಜಾಣತನದ್ದು. ಬಂದರಿನಲ್ಲೋ ಉಕ್ಕಿನ ಕಾರ್ಖಾನೆಯಲ್ಲೋ ಪಾಳಿ ಮಾಡುವವನ ಫೋನು ಕೆಲಸದ ಹೊತ್ತೆಲ್ಲ ಚೀಲದಲ್ಲಿ ಮಲಗಿರುತ್ತದೆ. ಉಳಿದ ಡೇಟಾ ನಡುರಾತ್ರಿಗೆ ಮಾಯ! ವಾರದ ರಜೆಯಲ್ಲಿ ಊರಿನ ಮಕ್ಕಳ ಮುಖ ನೋಡಿ ಮಾತಾಡೋಣ, ಪಾಠದ ವಿಡಿಯೋ ತೋರಿಸೋಣ ಎಂದು ಕುಳಿತರೆ ಅಂದಿನ ಪಾಲು ತೀರಿ ವೇಗ ೬೪ ಕೆಬಿಪಿಎಸ್‌ಗೆ ಇಳಿಯುತ್ತದೆ. ೪೨ ಜಿಬಿಗೆ ಹಣ ತೆತ್ತವನು ಅದನ್ನು ತನಗೆ ಬೇಕಾದ ದಿನ ಬಳಸುವಂತಿಲ್ಲ. ಅಂಗಡಿಯವನು ತಿಂಗಳ ಅಕ್ಕಿಗೆ ಹಣ ಪಡೆದು, ಪ್ರತಿರಾತ್ರಿ ಮನೆಗೆ ಬಂದು ಉಳಿದ ಅಕ್ಕಿಯನ್ನು ಹೊತ್ತುಕೊಂಡು ಹೋದರೆ ನಾವು ಸುಮ್ಮನಿರುತ್ತೇವೆಯೆ?

ಸಾರ್ವಜನಿಕ ವೈ-ಫೈ ಕೊಡಲು ಇರುವ ಅಡ್ಡಿಯಾದರೂ ಏನು? ಮೊಬೈಲ್ ಕಂಪನಿಗಳು ಅಲೆಗಳನ್ನು ಹರಾಜಿನಲ್ಲಿ ಕೊಳ್ಳಬೇಕು. ವೈ-ಫೈ ನಡೆಯುವ ೨.೪ ಗಿಗಾಹರ್ಟ್ಸ್ ಅಲೆಗೆ ಲೈಸೆನ್ಸೇ ಬೇಡ. ರೈಲು ಹಳಿಯ ಬದಿಯ ಫೈಬರ್ ತಂತಿ ಸಾರ್ವಜನಿಕ ಸಂಸ್ಥೆಯದು. ೨೦೧೭ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಆಂಧ್ರ ಸರ್ಕಾರದ ಫೈಬರ್‌ನೆಟ್, ವಿದ್ಯುತ್ ಕಂಬಗಳ ಮೇಲೆಯೇ ತಂತಿ ಎಳೆದು, ತಿಂಗಳಿಗೆ ೧೪೯ ರೂಪಾಯಿಗೆ ಟಿವಿ, ಫೋನು, ಇಂಟರ್‌ನೆಟ್ ಮೂರನ್ನೂ ಕೊಡಲು ಹೊರಟಿತ್ತು. ೨೦೨೦ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಬೀದಿಯ ಚಹದಂಗಡಿಯವನೂ ಲೈಸೆನ್ಸಿಲ್ಲದೆ ವೈ-ಫೈ ಕೊಡಬಹುದು. ತಂತಿಯುಂಟು, ಅಲೆಯುಂಟು, ಯೋಜನೆಯುಂಟು, ಇಲ್ಲದ್ದು ಮನಸ್ಸು!

ಇದ್ದಷ್ಟನ್ನು ಬಳಸುವುದಕ್ಕೂ ತೊಡಕಿದೆ. ನಿಲ್ದಾಣದ ವೈ-ಫೈ ಒಳಹೊಗಲು ಮೊಬೈಲಿಗೆ ಬರುವ ಓಟಿಪಿ ಬೇಕು. ರೀಚಾರ್ಜಿಲ್ಲದೆ ಸಿಮ್ ಸತ್ತುಹೋದವನಿಗೆ ಓಟಿಪಿ ಎಲ್ಲಿಂದ ಬಂದೀತು? ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಬಾಗಿಲು ಮುಚ್ಚಿದೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ರೀಚಾರ್ಜಿನ ತಿಂಗಳು ಪಂಚಾಂಗದ ತಿಂಗಳಾಗಲಿ. ಉಳಿದ ಡೇಟಾ ಮರುದಿನಕ್ಕೆ ಸೇರಲಿ. ರೈಲು ನಿಲ್ದಾಣ, ಬಸ್ ನಿಲ್ದಾಣ, ಬಂದರಿನ ಬಾಗಿಲು, ಇಎಸ್‌ಐ ಆಸ್ಪತ್ರೆಗಳಲ್ಲಿ ಅರ್ಧ ಗಂಟೆಯ ಭಿಕ್ಷೆಯ ಬದಲು ದಿನವಿಡೀ ವೈ-ಫೈ ಇರಲಿ. ಸಿಮ್ ಇಲ್ಲದವರಿಗೂ ಬೇರೆ ಗುರುತಿನ ಮೇಲೆ ಅದು ಸಿಗಲಿ.

ಬಂಧುಗಳೆ, ಟ್ಯಾಂಕರ್ ನೀರು ಅಗ್ಗವಾಯಿತೆಂದು ಯಾರಾದರೂ ಬೀದಿಯ ನಲ್ಲಿಯನ್ನು ಕಿತ್ತುಹಾಕಿಸುತ್ತಾರೆಯೆ? ನಲ್ಲಿ ಇರುವ ತನಕವೇ ಟ್ಯಾಂಕರಿನವನ ದರ ಹತೋಟಿಯಲ್ಲಿರುತ್ತದೆ. ಇದನ್ನು ನಾವು ಮರೆತರೆ, ಇಂದು ೨೮ ದಿನಕ್ಕೆ ಇಳಿದಿರುವ ತಿಂಗಳು ನಾಳೆ ಎಷ್ಟಕ್ಕೆ ಇಳಿದೀತೆಂದು ಹೇಳುವವರು ಯಾರು?