ಪ್ರಮಾಣವಚನವೂ ಒಂದು ಕರಾರು

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ಇತ್ತೀಚೆಗೆ ಆ ದೇಶದ ಪೌರತ್ವ ಪಡೆದನು. ಐದು ವರ್ಷಗಳ ಅವಧಿಯಲ್ಲಿ 1,095 ದಿನಗಳ ವಾಸ, 20 ಪ್ರಶ್ನೆಗಳ ಪರೀಕ್ಷೆ, ಕೊನೆಯಲ್ಲಿ ಪ್ರಮಾಣವಚನ. ಅಂದೇ ಅವನ ಭಾರತೀಯ ಪೌರತ್ವ ಕೊನೆಗೊಂಡಿತು. 1955ರ ನಮ್ಮ ಪೌರತ್ವ ಕಾಯ್ದೆಯಲ್ಲಿ ಎರಡಕ್ಕೂ ಎಡೆಯಿಲ್ಲ. ‘ಉಸ್ತಾದ್, ನಾನು ತಾಯ್ನಾಡಿಗೆ ದ್ರೋಹ ಬಗೆದೆನೇ?’ ಎಂದು ಫೋನಿನಲ್ಲಿ ಕೇಳಿದಾಗ ಅವನ ದನಿ ಗದ್ಗದಿತವಾಗಿತ್ತು.

ಹುಟ್ಟಿದ ಮಣ್ಣಿನ ಮಮತೆ ಸಹಜವಾದುದು. ಕ್ರಿ.ಶ. 622ರಲ್ಲಿ ಮಕ್ಕಾ ತೊರೆಯಬೇಕಾಗಿ ಬಂದಾಗ ಪ್ರವಾದಿವರ್ಯರು(ಸ) ನೊಂದಿದ್ದರು. 630ರಲ್ಲಿ ಅದೇ ಮಕ್ಕಾ ಅವರ ಕೈಸೇರಿತು. ಇನ್ನು ತವರಿನಲ್ಲಿಯೇ ಉಳಿಯುವರೇನೋ ಎಂದು ಮದೀನಾದ ಅನ್ಸಾರರು ಅಳುಕಿದರು. ಆದರೆ ಆಶ್ರಯವಿತ್ತವರ ಕೈಯನ್ನು ಅವರು ಬಿಡಲಿಲ್ಲ. ಮದೀನಾಕ್ಕೆ ಮರಳಿ, ಅಲ್ಲಿಯೇ ಬಾಳಿ, ಅಲ್ಲಿಯೇ ಇಹಲೋಕ ತ್ಯಜಿಸಿದರು.

ಹಲವರು ಪೌರತ್ವವನ್ನು ವೀಸಾದ ತೊಡಕು ತಪ್ಪಿಸುವ ಪುಸ್ತಕವೆಂದಷ್ಟೇ ಭಾವಿಸುತ್ತಾರೆ. ಸತ್ಯವಿಶ್ವಾಸಿಗೆ ಅದೊಂದು ಕರಾರು; ಕರಾರಿನ ಕುರಿತು ವಿಚಾರಣೆಯಿದೆಯೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ಪ್ರಾಮಾಣಿಕವಾಗಿ ತೆರಿಗೆ ಪಾವತಿಸುವುದು, ವಿವೇಚನೆಯಿಂದ ಮತ ಚಲಾಯಿಸುವುದು, ಯಾವ ಧರ್ಮದವನಾದರೂ ನೆರೆಯವನ ಕಷ್ಟಕ್ಕೆ ಒದಗುವುದು ಅದರ ಷರತ್ತುಗಳು. ಊರಿನಲ್ಲಿರುವ ವೃದ್ಧ ತಾಯಿಯ ಹಕ್ಕಾಗಲಿ, ಮಕ್ಕಳಿಗೆ ಕನ್ನಡ ಕಲಿಸುವ ಹೊಣೆಯಾಗಲಿ ಅದರಿಂದ ರದ್ದಾಗುವುದಿಲ್ಲ.

ಶಿಷ್ಯನಿಗೆ ಇಷ್ಟನ್ನೇ ಹೇಳಿದೆ: ‘ಊರನ್ನು ನೆನೆದು ಅಳುವುದು ದ್ರೋಹವಲ್ಲ, ಊರು ಬಿಟ್ಟದ್ದೂ ದ್ರೋಹವಲ್ಲ. ಬಲಗೈ ಎತ್ತಿ ಆಡಿದ ಮಾತನ್ನು ಮರೆತರೆ, ಅದು ದ್ರೋಹ.’